ಮೈಕ್ರೋಸ್ಕೋಪಿನಲ್ಲಿ ಎಂತದೂ ಕಾಣ್ತಿಲ್ಲವೇ? ಮೊದಲು ಬೆಳಕು ಸರಿಮಾಡಿ

"ಅಕ್ಕೋರೇ, ಎಂತದೂ ಕಾಣ್ತಾ ಇಲ್ಲ. ಬರೀ ಬೆಳ್ಳಗೆ."

ಮೊದಲು ಕುಮಟಾ ಕಡೆ, ಆಮೇಲೆ ಶಿರಸಿ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು. ಎರಡನೆಯ ಸ್ಥಾನ "ಅಕ್ಕೋರೇ, ಕಪ್ಪು ಹುಳ ಕಾಣ್ತು, ಕಾಲೂ ಇದೆ" ಎಂಬುದಕ್ಕೆ. ಆ ಹುಳ ಅವರದೇ ರೆಪ್ಪೆಯ ಕೂದಲು. ಮೂರನೆಯದು, ಚೆಂದದ ದುಂಡಗಿನ ಜೀವಕೋಶ ಕಂಡಿತೆಂದು ಚಿತ್ರ ಬಿಡಿಸಿ ತರುವುದು. ಅದು ಗಾಳಿಗುಳ್ಳೆ.

ಏನೂ ಕಾಣದಿದ್ದಾಗ ಎಲ್ಲರೂ ಮಾಡುವ ಕೆಲಸ ಒಂದೇ. ಇನ್ನೂ ದೊಡ್ಡ ಲೆನ್ಸಿಗೆ ತಿರುಗಿಸುವುದು. ಆಗ ಮೊದಲಿಗಿಂತಲೂ ಕಡಿಮೆ ಕಾಣುತ್ತದೆ. ಮೈಕ್ರೋಸ್ಕೋಪಿನಲ್ಲಿ ಕಾಣುವುದು ಬಿಡುವುದು ಬಹುಪಾಲು ಬೆಳಕಿನ ಮೇಲೆ ನಿಂತಿದೆ, ಎಷ್ಟು ಪಟ್ಟು ದೊಡ್ಡದು ಮಾಡಿದಿರಿ ಎನ್ನುವುದರ ಮೇಲಲ್ಲ. ಇದು ನನಗೇ ಅರ್ಥವಾಗಲು ಬಹಳ ದಿನ ಹಿಡಿಯಿತು. ಹಾಗಾಗಿ ಇಲ್ಲಿ ಭಾಗಗಳ ಪರಿಚಯವನ್ನೂ ಬೆಳಕು ಹೋಗುವ ದಾರಿಯಲ್ಲೇ, ಕೆಳಗಿನಿಂದ ಮೇಲಕ್ಕೆ ಮಾಡುತ್ತೇನೆ. ಪಠ್ಯಪುಸ್ತಕದ ಚಿತ್ರಕ್ಕೆ ಹೆಸರು ಬರೆಯುವ ಕ್ರಮ ಬೇರೆ. ಅದು ಪರೀಕ್ಷೆಗೆ ಇರಲಿ.

ಬೆಳಕಿನ ದಾರಿ

ತೀರ ಕೆಳಗೆ, ಭಾರದ ಪಾದದ ಮೇಲೆ, ಒಂದು ಕನ್ನಡಿ ಇರುತ್ತದೆ. ಇಲ್ಲವೇ ಎಲ್‌ಇಡಿ ದೀಪ. ಕನ್ನಡಿಗೆ ಎರಡು ಮುಖ: ಒಂದು ಸಪಾಟು, ಇನ್ನೊಂದು ನಡುವೆ ತಗ್ಗು. ಮೇಲೆ ಕಂಡೆನ್ಸರ್ ಇದ್ದರೆ ಸಪಾಟು ಮುಖ ಬಳಸಿ, ಕಂಡೆನ್ಸರ್ ಇಲ್ಲದ ಹಳೆಯ ಮಾದರಿಯಾದರೆ ತಗ್ಗಿನ ಮುಖ. ಕನ್ನಡಿಯನ್ನು ಕಿಟಕಿಯ ಕಡೆ, ಮೋಡದ ಕಡೆ, ಬಿಳಿ ಗೋಡೆಯ ಕಡೆ ತಿರುಗಿಸಿ. ಸೂರ್ಯನ ಕಡೆ ಮಾತ್ರ ಯಾವತ್ತೂ ಬೇಡ. ಬಿಸಿಲಿನ ಕೋಲು ಲೆನ್ಸುಗಳ ಮೂಲಕ ನೇರ ಕಣ್ಣಿಗೆ ಬಂದರೆ ಕಣ್ಣೇ ಹೋಗಬಹುದು. ಮಕ್ಕಳಿಗೆ ಕೊಡುವಾಗ ಮೊದಲು ಹೇಳಬೇಕಾದ್ದು ಇದು.

ಅದರ ಮೇಲೆ ಕಂಡೆನ್ಸರ್. ಚದುರಿ ಬರುವ ಬೆಳಕನ್ನು ಕೂಡಿಸಿ ಸ್ಲೈಡಿನ, ಅಂದರೆ ನೋಡುವ ವಸ್ತು ಇಟ್ಟ ಗಾಜಿನ ಪಟ್ಟಿಯ, ಮೇಲೆ ಬೀಳಿಸುವ ಲೆನ್ಸು ಇದು. ಹೆಚ್ಚಿನ ಶಾಲೆಗಳಲ್ಲಿ ಇದು ಕೆಳಗೆ ಜಾರಿ ಕೂತಿರುತ್ತದೆ, ಯಾರೂ ಮುಟ್ಟಿರುವುದಿಲ್ಲ. ಅದನ್ನು ಮೇಲಕ್ಕೆ, ಸ್ಟೇಜಿಗೆ ತಾಗಿತೇನೋ ಎನ್ನುವಷ್ಟು ಮೇಲಕ್ಕೆ ತನ್ನಿ. ಅರ್ಧ ಸಮಸ್ಯೆ ಇಲ್ಲೇ ಮುಗಿಯುತ್ತದೆ.

ಕಂಡೆನ್ಸರಿಗೆ ಅಂಟಿಕೊಂಡೇ ಒಂದು ಸಣ್ಣ ಕಡ್ಡಿ ಇರುತ್ತದೆ. ಅತ್ತಿತ್ತ ಸರಿಸಿದರೆ ನಡುವಿನ ತೂತು ಹಿಗ್ಗುತ್ತದೆ, ಕುಗ್ಗುತ್ತದೆ. ಇದೇ ಐರಿಸ್ ಡಯಾಫ್ರಮ್. ಇಡೀ ಯಂತ್ರದಲ್ಲಿ ನನಗೆ ಅತಿ ಪ್ರೀತಿಯ ಭಾಗ ಯಾವುದೆಂದು ಕೇಳಿದರೆ ಈ ಕಡ್ಡಿಯನ್ನೇ ತೋರಿಸುತ್ತೇನೆ. ಪೂರ್ತಿ ತೆರೆದರೆ ಬೆಳಕು ತುಂಬಿ ತೆಳ್ಳಗಿನ, ಬಣ್ಣವಿಲ್ಲದ ವಸ್ತುಗಳು ಮಾಯವಾಗುತ್ತವೆ. ಪೂರ್ತಿ ಮುಚ್ಚಿದರೆ ಎಲ್ಲದರ ಸುತ್ತ ಕಪ್ಪು ಗೆರೆ ಬಂದು, ಇಲ್ಲದ ಅಂಚುಗಳೂ ಕಾಣುತ್ತವೆ. ನಡುವೆ ಎಲ್ಲೋ ಸರಿಯಾದ ಜಾಗ ಇದೆ. ಅದನ್ನು ಹುಡುಕುವ ಉಪಾಯ ಹೀಗೆ: ವಸ್ತುವನ್ನು ಫೋಕಸ್ ಮಾಡಿಕೊಳ್ಳಿ. ಐಪೀಸ್ (ಮೇಲ್ತುದಿಯಲ್ಲಿ ಕಣ್ಣಿಡುವ ಲೆನ್ಸು) ತೆಗೆದು ಖಾಲಿ ಕೊಳವೆಯೊಳಗೆ ನೋಡಿ. ಕೆಳಗೆ ಬೆಳಕಿನ ಒಂದು ವೃತ್ತ ಕಾಣುತ್ತದೆ. ಆ ವೃತ್ತದ ಸುಮಾರು ಮುಕ್ಕಾಲು ಭಾಗ ಬೆಳಗಿರುವಂತೆ ಕಡ್ಡಿ ಸರಿಸಿ, ಐಪೀಸ್ ಮತ್ತೆ ಹಾಕಿ. ಲೆನ್ಸು ಬದಲಿಸಿದಾಗಲೆಲ್ಲ ಇದನ್ನು ಮತ್ತೆ ನೋಡಬೇಕು. ದೀಪದ ಪ್ರಖರತೆ ಕಮ್ಮಿ ಮಾಡಲು ಈ ಕಡ್ಡಿ ಬಳಸಬೇಡಿ. ಅದಕ್ಕೆ ದೀಪದ ಗುಂಡಿ ಇದೆ. ಕನ್ನಡಿಯಾದರೆ ಅದರ ಮೇಲೆ ತೆಳು ಬಿಳಿ ಕಾಗದ ಇಟ್ಟರೆ ಸಾಕು.

ಆಮೇಲೆ ಸ್ಟೇಜ್, ಅಂದರೆ ಸ್ಲೈಡ್ ಇಡುವ ಕಟ್ಟೆ. ಬರೀ ಎರಡು ಕ್ಲಿಪ್ ಇರಬಹುದು, ಇಲ್ಲವೇ ತಿರುಪಿನಿಂದ ಸ್ಲೈಡ್ ಸರಿಸುವ ವ್ಯವಸ್ಥೆ ಇರಬಹುದು. ಈಜಾಡುವ ಜೀವಿಗಳ ಬೆನ್ನು ಹತ್ತಲು ಎರಡನೆಯದು ಒಳ್ಳೆಯದು.

ಅದರ ಮೇಲೆ ತಿರುಗುವ ತಲೆಗೆ ಕೂರಿಸಿದ ಆಬ್ಜೆಕ್ಟಿವ್ ಲೆನ್ಸುಗಳು. ಸಾಮಾನ್ಯವಾಗಿ 4, 10, 40 ಪಟ್ಟಿನವು. ಕಾಲೇಜಿನದಾದರೆ 100 ಪಟ್ಟಿನದೂ ಇರುತ್ತದೆ. ಕೆಂಪು, ಹಳದಿ, ತಿಳಿನೀಲಿ, ಬಿಳಿ ಉಂಗುರಗಳು ಅದೇ ಕ್ರಮದಲ್ಲಿ ಇವುಗಳ ಗುರುತು. ಐಪೀಸ್ 10 ಪಟ್ಟಿನದಾದರೆ ಒಟ್ಟು ಹಿಗ್ಗುವಿಕೆ 40, 100, 400, 1000 ಪಟ್ಟು. ಗುಣಿಸಿದರಾಯಿತು.

ಲೆನ್ಸಿನ ಮೈಮೇಲೆ ಬರೆದದ್ದನ್ನು ಒಮ್ಮೆ ಓದಿ. ಯಾರೂ ಓದುವುದಿಲ್ಲ! 40ರ ಲೆನ್ಸಿನ ಮೇಲೆ ಸಾಮಾನ್ಯವಾಗಿ 0.65 ಎಂದಿರುತ್ತದೆ. ಇದನ್ನು ನ್ಯೂಮೆರಿಕಲ್ ಅಪರ್ಚರ್ ಎನ್ನುತ್ತಾರೆ. ಲೆನ್ಸು ಎಷ್ಟು ಅಗಲದ ಬೆಳಕನ್ನು ಒಳಗೆ ಎಳೆದುಕೊಳ್ಳಬಲ್ಲದು ಎನ್ನುವುದರ ಲೆಕ್ಕ ಅದು. ಹತ್ತಿರ ಹತ್ತಿರದ ಎರಡು ಚುಕ್ಕಿಗಳು ಎರಡಾಗಿ ಕಾಣಬೇಕೋ, ಒಂದಾಗಿ ಕಲಸಿಹೋಗಬೇಕೋ ಎಂಬುದನ್ನು ಈ ಸಂಖ್ಯೆಯೇ ತೀರ್ಮಾನಿಸುತ್ತದೆ. ಪಕ್ಕದಲ್ಲೇ 0.17 ಎಂದಿದ್ದರೆ ಅದು ಕವರ್ ಸ್ಲಿಪ್ಪಿನ, ಅಂದರೆ ವಸ್ತುವಿನ ಮೇಲೆ ಮುಚ್ಚುವ ತೆಳು ಗಾಜಿನ, ದಪ್ಪ, ಮಿಲಿಮೀಟರಿನಲ್ಲಿ. ಆ ದಪ್ಪದ ಗಾಜು ಮೇಲೆ ಇದೆ ಎಂದು ಎಣಿಸಿಯೇ ಲೆನ್ಸು ಮಾಡಿರುತ್ತಾರೆ. ಕವರ್ ಸ್ಲಿಪ್ ಇಲ್ಲದೆ 40ರಲ್ಲಿ ನೋಡಿದರೆ ಮಸುಕು ಬರುವುದು ಇದಕ್ಕೇ.

ಕೊನೆಗೆ ಐಪೀಸ್, ಮತ್ತು ಪಕ್ಕದಲ್ಲಿ ಎರಡು ತಿರುಪು. ದೊಡ್ಡದು ಬೇಗ ಓಡಿಸುತ್ತದೆ, ಸಣ್ಣದು ಕೂದಲೆಳೆಯಷ್ಟು ಸರಿಸುತ್ತದೆ. ಎರಡು ಕಣ್ಣಿನ ಮಾದರಿಯಾದರೆ ಐಪೀಸುಗಳ ನಡುವಿನ ಅಂತರವನ್ನು ನಿಮ್ಮ ಕಣ್ಣಿಗೆ ಹೊಂದಿಸಿ, ಎರಡು ವೃತ್ತ ಒಂದಾಗುವವರೆಗೆ.

ಹಿಗ್ಗಿಸುವುದಕ್ಕೂ ಒಂದು ಮಿತಿ

ಆನ್‌ಲೈನಿನಲ್ಲಿ "1600 ಪಟ್ಟು", "2000 ಪಟ್ಟು" ಎಂದು ಬರೆದು ಪ್ಲಾಸ್ಟಿಕ್ ಮೈಕ್ರೋಸ್ಕೋಪು ಮಾರುತ್ತಾರೆ. ಮಕ್ಕಳ ಹುಟ್ಟುಹಬ್ಬಕ್ಕೆ ಅದನ್ನು ತರಿಸಿ ನನ್ನ ಹತ್ತಿರ ಹಿಡಿದುಕೊಂಡು ಬಂದ ಪಾಲಕರು ಒಬ್ಬಿಬ್ಬರಲ್ಲ. ದಯವಿಟ್ಟು ಬೇಡ. ಬೆಳಕಿನಿಂದ ನೋಡುವ ಸಾಮಾನ್ಯ ಮೈಕ್ರೋಸ್ಕೋಪು ಎಷ್ಟೇ ಒಳ್ಳೆಯದಿದ್ದರೂ ಸುಮಾರು 0.2 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಹತ್ತಿರವಿರುವ ಎರಡು ಚುಕ್ಕಿಗಳನ್ನು ಬೇರೆ ಮಾಡಿ ತೋರಿಸಲಾರದು. ಬೆಳಕಿನ ಅಲೆಯ ಉದ್ದವೇ ಅಡ್ಡ ಬರುತ್ತದೆ. ಜರ್ಮನಿಯ ಅರ್ನ್ಸ್ಟ್ ಆಬೆ 1873ರಲ್ಲೇ ಇದನ್ನು ಲೆಕ್ಕ ಹಾಕಿ ಹೇಳಿದ್ದರು. ಲೆನ್ಸಿನ ನ್ಯೂಮೆರಿಕಲ್ ಅಪರ್ಚರನ್ನು 1000ದಿಂದ ಗುಣಿಸಿ. ಅದರಾಚೆ ಹಿಗ್ಗಿಸಿದ್ದೆಲ್ಲ ಸುಮ್ನೆ. ಮೊಬೈಲಿಗೆ ಬಂದ ಸಣ್ಣ ಫೋಟೋವನ್ನು ಯಕ್ಷಗಾನದ ಫ್ಲೆಕ್ಸ್ ಬ್ಯಾನರಿಗೆ ಹಿಗ್ಗಿಸಿದರೆ ವೇಷಧಾರಿಯ ಮುಖ ದೊಡ್ಡದಾಗುತ್ತದೆ, ಕಣ್ಣಿನ ಹುಬ್ಬು ಮಾತ್ರ ಎಲ್ಲಿದೆ ತಿಳಿಯುವುದಿಲ್ಲ. ಅದೇ ಕತೆ.

ಇನ್ನೊಂದು ಕಡೆ ನೋಡಿ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ಒಂದೇ ಒಂದು ಮಣಿಯಂಥ ಲೆನ್ಸಿನಲ್ಲಿ 1674ರಲ್ಲಿ ಕೆರೆ ನೀರಿನ ಜೀವಿಗಳನ್ನು ಕಂಡ. ಉಳಿದಿರುವ ಅವನ ಲೆನ್ಸುಗಳಲ್ಲಿ ಅತಿ ಬಲದ್ದು ಸುಮಾರು 270 ಪಟ್ಟು. ಅಷ್ಟರಲ್ಲೇ ಹಲ್ಲಿನ ಕಿಟ್ಟದಲ್ಲಿದ್ದ ಬ್ಯಾಕ್ಟೀರಿಯಾವನ್ನೂ ನೋಡಿದ. ಒಳ್ಳೆಯ ಗಾಜು, ಸರಿಯಾದ ಬೆಳಕು, ತಾಳ್ಮೆ.

ಯಾವ ಕೆಲಸಕ್ಕೆ ಯಾವುದು

ಮಾದರಿಗಳ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ನಮ್ಮ ಕಡೆಯದೇ ಒಂದು ಉದಾಹರಣೆ ಹಿಡಿಯೋಣ. ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದದ್ದು, ಈಗ ನಮ್ಮ ಸಿದ್ದಾಪುರದ ಕಡೆಯವರಿಗೂ ಗೊತ್ತಿರುವ ಭಯ. ಅದನ್ನು ಹರಡುವ ಉಣುಗನ್ನು ಬರಿಗಣ್ಣಿನಲ್ಲೇ ಕಾಣಬಹುದು. ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ಅದರ ಕಾಲು ಎಣಿಸಬಹುದು. ಇದು ಸಾದಾ ಮೈಕ್ರೋಸ್ಕೋಪು, ಒಂದೇ ಲೆನ್ಸು.

ಅದೇ ಉಣುಗಿನ ಬಾಯಿಯ ಮುಳ್ಳು, ಮೈಯ ಉಬ್ಬುತಗ್ಗು ನೋಡಬೇಕೆಂದರೆ ಸ್ಟೀರಿಯೋ ಮೈಕ್ರೋಸ್ಕೋಪು ಬೇಕು. ಹೆಚ್ಚಾಗಿ 10ರಿಂದ 40 ಪಟ್ಟು ಅಷ್ಟೇ. ಆದರೆ ಎರಡು ಕಣ್ಣಿಗೂ ಬೇರೆ ಬೇರೆ ದಾರಿ ಇರುವುದರಿಂದ ಆಳ ಕಾಣುತ್ತದೆ, ಚಿತ್ರ ತಲೆಕೆಳಗಾಗುವುದಿಲ್ಲ. ಬೆಳಕು ಮೇಲಿನಿಂದ ಬೀಳುತ್ತದೆ. ಸ್ಲೈಡ್ ಮಾಡುವ ರಗಳೆ ಇಲ್ಲ. ಹೂವು, ಕೀಟ, ಕಾರವಾರದ ಮರಳು, ಚಿಪ್ಪಿನ ಚೂರು, ಏಲಕ್ಕಿ ಹೂವಿನಲ್ಲಿ ಅಡಗಿದ ಥ್ರಿಪ್ಸ್ ಎಂಬ ಪುಟ್ಟ ಹುಳ, ಎಲ್ಲ ಇದಕ್ಕೆ. ಸಣ್ಣ ಮಕ್ಕಳಿರುವ ಮನೆಗೆ ಒಂದೇ ಒಂದು ಕೊಳ್ಳುವುದಾದರೆ ನಾನು ಇದನ್ನೇ ಹೇಳುತ್ತೇನೆ. (ಉಣುಗನ್ನು ನೋಡುವ ಉತ್ಸಾಹದಲ್ಲಿ ಬರಿಗೈಯಲ್ಲಿ ಹಿಡಿಯಬೇಡಿ. ಕಾಯಿಲೆ ಇರುವ ಕಡೆಯ ಉಣುಗಾದರೆ ಅದರ ತಂಟೆಯೇ ಬೇಡ.)

ಉಣುಗಿನ ಜೀವಕೋಶ, ನಮ್ಮ ರಕ್ತದ 7-8 ಮೈಕ್ರಾನಿನ ಕೆಂಪು ಕಣ, ಬ್ಯಾಕ್ಟೀರಿಯಾ ಇವಕ್ಕೆ ಕಾಂಪೌಂಡ್ ಮೈಕ್ರೋಸ್ಕೋಪು. ಶಾಲೆಯಲ್ಲಿರುವುದು, ಆಸ್ಪತ್ರೆಯ ಲ್ಯಾಬಿನಲ್ಲಿರುವುದು ಇದೇ. ಬಣ್ಣವಿಲ್ಲದ ಜೀವಂತ ಕೋಶಗಳಿಗೆ ಬಣ್ಣ ಹಾಕದೆ ನೋಡಲು ಫೇಸ್ ಕಾಂಟ್ರಾಸ್ಟ್ ಎಂಬ ಬಗೆ ಇದೆ. ಅದಕ್ಕಾಗಿ ಹಾಲೆಂಡಿನ ಭೌತವಿಜ್ಞಾನಿ ಜೆರ್ನಿಕೆ 1953ರಲ್ಲಿ ನೊಬೆಲ್ ಪಡೆದರು. ಹೊಳೆಯುವ ಬಣ್ಣ ಹಾಕಿ ಕತ್ತಲಲ್ಲಿ ನೋಡುವ ಫ್ಲೋರೆಸೆನ್ಸ್ ಬಗೆಯನ್ನು ಕ್ಷಯದ ಕಫ ಪರೀಕ್ಷೆಗೂ ಬಳಸುತ್ತಾರೆ.

ಇನ್ನು ಮಂಗನ ಕಾಯಿಲೆಯ ವೈರಸ್? ಅದು ಸುಮಾರು 40ರಿಂದ 50 ನ್ಯಾನೋಮೀಟರ್. 0.2 ಮೈಕ್ರಾನ್ ಎಂದರೆ 200 ನ್ಯಾನೋಮೀಟರ್, ನೆನಪಿದೆ ಅಲ್ವಾ? ಮಿತಿಯಿಂದ ಎಷ್ಟೋ ಕೆಳಗೆ. ಬೆಳಕಿನ ಯಾವ ಸಾಮಾನ್ಯ ಮೈಕ್ರೋಸ್ಕೋಪಿನಲ್ಲೂ ಅದರ ಆಕಾರ ಕಾಣಸಿಗುವುದಿಲ್ಲ. ಬೆಳಕಿನ ಬದಲು ಎಲೆಕ್ಟ್ರಾನ್ ಹರಿಸುವ ಯಂತ್ರವೇ ಬೇಕು. ಜರ್ಮನಿಯ ರುಸ್ಕಾ ಮತ್ತು ನಾಲ್ 1931ರಲ್ಲಿ ಅದರ ಮೊದಲ ಮಾದರಿ ಕಟ್ಟಿದರು. ರುಸ್ಕಾಗೆ ನೊಬೆಲ್ ಬರಲು 1986 ಆಯಿತು.

ದುಡ್ಡು ಕಮ್ಮಿ ಇದ್ದರೆ ಫೋಲ್ಡ್‌ಸ್ಕೋಪ್ ನೋಡಿ. ಮೀರತ್‌ನಲ್ಲಿ ಹುಟ್ಟಿ ಸ್ಟ್ಯಾನ್‌ಫರ್ಡಿನಲ್ಲಿ ಕಲಿಸುವ ಮನು ಪ್ರಕಾಶ್ ತಂಡದವರು ಮಾಡಿದ ಕಾಗದದ ಮೈಕ್ರೋಸ್ಕೋಪು. ಮಡಚಿ ಜೋಡಿಸಬೇಕು, ಸುಮಾರು 140 ಪಟ್ಟು ತೋರಿಸುತ್ತದೆ, ಒದ್ದೆಯಾದರೂ ಗೋಳಿಲ್ಲ. ಒಳ್ಳೆಯ ಕಾಂಪೌಂಡ್ ಬೇಕೆಂದರೆ ಹರಿಯಾಣದ ಅಂಬಾಲಾದಲ್ಲಿ ತಯಾರಾಗುವವು ಅಂಗಡಿಗಳಲ್ಲಿ ಸಿಗುತ್ತವೆ. ಲೋಹದ ಮೈ, ಕಂಡೆನ್ಸರ್ ಮತ್ತು ಐರಿಸ್, 40ರ ಲೆನ್ಸಿಗೆ ಗಾಜಿಗೆ ತಾಗಿದರೆ ಒಳಗೆ ಸರಿಯುವ ಸ್ಪ್ರಿಂಗ್ ತುದಿ. ಈ ಮೂರು ಇದೆಯೇ ನೋಡಿ ತೆಗೆದುಕೊಳ್ಳಿ.

ಈಗ ನೋಡೋಣ

ಎತ್ತುವಾಗ ಒಂದು ಕೈ ಬೆನ್ನಿನ ತೋಳಿಗೆ, ಇನ್ನೊಂದು ಪಾದದ ಅಡಿಗೆ. ಕೂಸನ್ನು ಎತ್ತಿಕೊಂಡ ಹಾಗೆ. ಅಲುಗದ ಮೇಜಿನ ಮೇಲೆ ಇಡಿ.

ಮೊದಲ ಸ್ಲೈಡಿಗೆ ಈರುಳ್ಳಿಯೇ ಸುಲಭ. ಒಳಪದರವೊಂದನ್ನು ಮುರಿದು, ತಗ್ಗಿನ ಬದಿಯ ತೆಳು ಪೊರೆ ಸುಲಿಯಿರಿ. ಸ್ಲೈಡಿನ ಮೇಲೆ ಒಂದು ಹನಿ ನೀರು, ಅದರಲ್ಲಿ ಪೊರೆ ಸುಕ್ಕಾಗದಂತೆ ಹರಡಿ. ಅರ್ಧ ಹನಿ ಅಯೋಡಿನ್ ಹಾಕಿದರೆ ಕೋಶದೊಳಗಿನ ನ್ಯೂಕ್ಲಿಯಸ್ ಹಳದಿಕಂದು ಆಗಿ ಎದ್ದು ಕಾಣುತ್ತದೆ. ಕವರ್ ಸ್ಲಿಪ್ಪನ್ನು ದಬಕ್ಕನೆ ಬೀಳಿಸಬೇಡಿ. ಒಂದು ಅಂಚನ್ನು ನೀರಿಗೆ ತಾಗಿಸಿ, ಇನ್ನೊಂದನ್ನು ಸೂಜಿಯ ಮೇಲೆ ನಿಲ್ಲಿಸಿ ನಿಧಾನ ಇಳಿಸಿ. ಗಾಳಿ ಪಕ್ಕಕ್ಕೆ ಓಡಿಹೋಗುತ್ತದೆ. ಹೊರಗೆ ಬಂದ ನೀರನ್ನು ಕಾಗದದ ತುದಿಯಿಂದ ಹೀರಿ. ದಪ್ಪ ಕಪ್ಪು ಅಂಚಿನ, ಒಳಗೆ ಏನೂ ಇಲ್ಲದ ದುಂಡು ಕಂಡರೆ ಅದೇ ಗಾಳಿಗುಳ್ಳೆ, ಮತ್ತೆ ಚಿತ್ರ ಬಿಡಿಸಬೇಡಿ!

ತಿರುಗುವ ತಲೆಯನ್ನು 4ರ ಲೆನ್ಸಿಗೆ ತನ್ನಿ, ಟಕ್ ಎನ್ನಬೇಕು. ಪಕ್ಕದಿಂದ ಬರಿಗಣ್ಣಿನಲ್ಲಿ ನೋಡುತ್ತ ಸ್ಲೈಡನ್ನು ಲೆನ್ಸಿಗೆ ಹತ್ತಿರ ತನ್ನಿ. ಆಮೇಲೆ ಐಪೀಸಿಗೆ ಕಣ್ಣಿಟ್ಟು, ದೊಡ್ಡ ತಿರುಪಿನಿಂದ ನಿಧಾನ ದೂರ ಮಾಡಿ. ಹತ್ತಿರ ತರುವಾಗ ಪಕ್ಕದಿಂದ, ದೂರ ಮಾಡುವಾಗ ಮೇಲಿನಿಂದ. ಇದನ್ನು ತಿರುಗಾಮುರುಗಾ ಮಾಡಿದರೆ ಒಂದು ದಿನ ಲೆನ್ಸು ಸ್ಲೈಡನ್ನು ಒಡೆಯುತ್ತದೆ. ಆ ಚಿಟ್ ಎಂಬ ಸದ್ದು ಕೇಳಿದ ಮೇಲೆ ಇಡೀ ಕ್ಲಾಸು ನಿಶ್ಶಬ್ದ.

ಚಿತ್ರ ಸಿಕ್ಕ ಮೇಲೆ ಬೇಕಾದ ಜಾಗವನ್ನು ನಟ್ಟನಡುವೆ ತನ್ನಿ. ಸ್ಲೈಡ್ ಬಲಕ್ಕೆ ಸರಿಸಿದರೆ ಚಿತ್ರ ಎಡಕ್ಕೆ ಓಡುತ್ತದೆ, ಮೇಲೆ ಕೆಳಗೂ ಹಾಗೇ. ಮೊದಮೊದಲು ತಲೆ ಕೆಡುತ್ತದೆ, ಆಮೇಲೆ ಕೈಗೆ ತಾನೇ ರೂಢಿಯಾಗುತ್ತದೆ. ಈಗ 10ಕ್ಕೆ ತಿರುಗಿಸಿ, ಸಣ್ಣ ತಿರುಪು ಸ್ವಲ್ಪ ಆಡಿಸಿ. ಮತ್ತೆ ನಡುವೆ ತಂದು 40. ಇಲ್ಲಿಂದ ಮುಂದೆ ದೊಡ್ಡ ತಿರುಪು ಮುಟ್ಟುವ ಹಾಗಿಲ್ಲ. ಲೆನ್ಸಿನ ತುದಿಗೂ ಗಾಜಿಗೂ ನಡುವೆ ಅರ್ಧ ಮಿಲಿಮೀಟರಿನ ಆಸುಪಾಸು ಜಾಗ ಮಾತ್ರ.

10ರಲ್ಲಿ ಚೆನ್ನಾಗಿ ಕಾಣುತ್ತಿತ್ತು, 40ರಲ್ಲಿ ಏನು ಮಾಡಿದರೂ ಫೋಕಸ್ ಬರುತ್ತಿಲ್ಲ, ಲೆನ್ಸು ಗಾಜಿಗೆ ತಾಗುತ್ತಿದೆ ಎಂದರೆ ಸ್ಲೈಡ್ ಬೋರಲು ಬಿದ್ದಿದೆ ಎಂದೇ ತಿಳಿಯಿರಿ. ಸುಮಾರು ಒಂದು ಮಿಲಿಮೀಟರ್ ದಪ್ಪದ ಸ್ಲೈಡ್ ನಡುವೆ ಬಂದರೆ ಲೆನ್ಸು ಅಲ್ಲಿಗೆ ಮುಟ್ಟುವುದೇ ಇಲ್ಲ.

ಎರಡೂ ಕಣ್ಣು ತೆರೆದೇ ನೋಡಿ. ಒಂದು ಕಣ್ಣು ಗಟ್ಟಿ ಮುಚ್ಚಿ ಹತ್ತು ನಿಮಿಷ ಕೂತರೆ ತಲೆನೋವು ಖಂಡಿತ. ಬರೀ ದೂರದ ಅಥವಾ ಹತ್ತಿರದ ದೋಷಕ್ಕೆ ಕನ್ನಡಕ ಹಾಕುವವರು ಅದನ್ನು ತೆಗೆದು ತಿರುಪಿನಲ್ಲೇ ಸರಿಮಾಡಿಕೊಳ್ಳಬಹುದು. ಸಿಲಿಂಡರ್ ನಂಬರ್ ಇರುವವರು ಹಾಕಿಕೊಂಡೇ ನೋಡಬೇಕು.

100ರ ಲೆನ್ಸಿಗೆ ಎಣ್ಣೆ ಬೇಕು. ಒಣಗಿಯೇ ನೋಡಿದರೆ ಗಾಜಿನಿಂದ ಗಾಳಿಗೆ ಬರುವಾಗ ಬೆಳಕು ಬಾಗಿ ಹೊರಗೆ ಹೋಗಿಬಿಡುತ್ತದೆ. ಇಮ್ಮರ್ಶನ್ ಎಣ್ಣೆಯ ವಕ್ರೀಭವನ ಸಂಖ್ಯೆ ಸುಮಾರು 1.515, ಗಾಜಿನದೂ ಹೆಚ್ಚುಕಮ್ಮಿ ಅಷ್ಟೇ, ಹಾಗಾಗಿ ಬೆಳಕಿಗೆ ನಡುವೆ ಗಡಿಯೇ ಇದ್ದ ಹಾಗಲ್ಲ. "ನಮ್ಮ ತೆಂಗಿನೆಣ್ಣೆ ಹಾಕಿದರೆ ಆಗದೇ?" ಎಂದು ಒಬ್ಬ ಹುಡುಗ ಕೇಳಿದ್ದ. ನಮ್ಮೂರಿನಲ್ಲಿ ತೆಂಗಿನೆಣ್ಣೆಯಿಂದ ಆಗದ ಕೆಲಸವೇ ಇಲ್ಲವಲ್ಲ! ಅದರ ಸಂಖ್ಯೆ 1.45ರ ಆಸುಪಾಸು, ಗಾಜಿಗೆ ಹೊಂದುವುದಿಲ್ಲ. ಮೇಲಾಗಿ ಶಿರಸಿಯ ಡಿಸೆಂಬರಿನಲ್ಲಿ ಲೆನ್ಸಿನ ಮೇಲೇ ಹೆಪ್ಪುಗಟ್ಟುತ್ತದೆ. ಒಂದು ಹನಿ ಸರಿಯಾದ ಎಣ್ಣೆ, ಗುಳ್ಳೆ ಬರದಂತೆ. ಎಣ್ಣೆ ಹಾಕಿದ ಮೇಲೆ 40ರ ಲೆನ್ಸನ್ನು ಆ ಸ್ಲೈಡಿನ ಮೇಲೆ ಹಾಯಿಸಬೇಡಿ. ಮುಗಿದ ತಕ್ಷಣ ಲೆನ್ಸ್ ಪೇಪರಿನಿಂದ ಒರೆಸಿ. ನಾಳೆಗೆ ಇಟ್ಟರೆ ಧೂಳು ಕೂತು ಅಂಟಾಗುತ್ತದೆ.

ಕಣ್ಣಿಗೆ ಒಂದು ಕಲೆ ಅಡ್ಡ ಬರುತ್ತಿದೆಯೇ? ಐಪೀಸನ್ನು ಅದರ ಜಾಗದಲ್ಲೇ ತಿರುಗಿಸಿ. ಕಲೆಯೂ ತಿರುಗಿದರೆ ಕೊಳಕು ಐಪೀಸಿನಲ್ಲಿದೆ. ಸ್ಲೈಡ್ ಸರಿಸಿದಾಗ ಸರಿದರೆ ಸ್ಲೈಡಿನದು. ಲೆನ್ಸು ಬದಲಿಸಿದಾಗ ಹೋದರೆ ಆಬ್ಜೆಕ್ಟಿವಿನದು. ಏನು ಮಾಡಿದರೂ ಹೋಗದಿದ್ದರೆ ಕೆಳಗೆ ಕಂಡೆನ್ಸರ್ ಅಥವಾ ದೀಪದ ಗಾಜು ನೋಡಿ.

ಕಂಡದ್ದು ಎಷ್ಟು ದೊಡ್ಡದು ಎಂದು ತಿಳಿಯಲು ಪಾರದರ್ಶಕ ಸ್ಕೇಲನ್ನು 4ರ ಲೆನ್ಸಿನ ಕೆಳಗಿಟ್ಟು ವೃತ್ತದ ಅಗಲ ಎಣಿಸಿ. 4.5 ಮಿಲಿಮೀಟರ್ ಬಂತು ಅನ್ನಿ. 10ರಲ್ಲಿ ಅದು 1.8, 40ರಲ್ಲಿ 0.45. ಆ ಅಗಲದಲ್ಲಿ ಮೂರು ಕೋಶ ಸಾಲಾಗಿ ಕೂತರೆ ಒಂದೊಂದು 0.15 ಮಿಲಿಮೀಟರ್. ಇಷ್ಟೇ ಲೆಕ್ಕ.

ನಮ್ಮಲ್ಲಿ ನೋಡಲು ಏನಿದೆ

ಅಂಗಳದ ದಾಸವಾಳದ ಪರಾಗದ ಹುಡಿ 4ರಲ್ಲೇ ಮುಳ್ಳುಚೆಂಡಿನಂತೆ ಕಾಣುತ್ತದೆ. ಒಂದೊಂದು ಕಣವೂ 0.1 ಮಿಲಿಮೀಟರಿಗಿಂತ ದೊಡ್ಡದು. ಹಾಗಾಗಿ ಮೊದಲ ದಿನವೇ ಮಕ್ಕಳ ಬಾಯಿಂದ "ಅಬ್ಬಾ" ಬರಬೇಕೆಂದರೆ ದಾಸವಾಳ. ತೋಟದ ಕಾದಿಗೆಯ (ನೀರು ಹೋಗುವ ಕಾಲುವೆಯ) ಹಸಿರು ಪಾಚಿಯಲ್ಲಿ ಸುರುಳಿ ಸುರುಳಿ ಹಸಿರಿನ ಸ್ಪೈರೋಗೈರಾ ಸಿಗಬಹುದು. ಒಣಹುಲ್ಲನ್ನು ಕೆರೆ ನೀರಿನಲ್ಲಿ ನಾಲ್ಕೈದು ದಿನ ನೆನೆಹಾಕಿದರೆ ಚಪ್ಪಲಿ ಆಕಾರದ ಪ್ಯಾರಾಮೀಸಿಯಂ ಓಡಾಡುತ್ತದೆ. ಓಟ ಜಾಸ್ತಿಯಾದರೆ ಹತ್ತಿಯ ಎರಡು ಎಳೆ ಹಾಕಿ, ಸಿಕ್ಕಿಹಾಕಿಕೊಳ್ಳುತ್ತದೆ.

ಕರಾವಳಿಯವರಿಗೆ ಸಮುದ್ರವೇ ಇದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಇರುವುದು ಸುಮ್ನೆ ಅಲ್ಲ. ಹಳೆಯ ನೈಲಾನ್ ಕಾಲುಚೀಲದ ಬಾಯಿಗೆ ತಂತಿಯ ಬಳೆ, ತುದಿಗೆ ಸಣ್ಣ ಬಾಟಲಿ ಕಟ್ಟಿ, ಮೊಣಕಾಲು ನೀರಿನಲ್ಲಿ ಹತ್ತು ನಿಮಿಷ ಎಳೆಯಿರಿ. ಬಾಟಲಿಯ ತಳದ ಒಂದು ಹನಿ ಸಾಕು. ಗಾಜಿನ ಡಬ್ಬಿಯಂಥ ಡಯಾಟಮ್ ಎಂಬ ಒಂದೇ ಕೋಶದ ಪಾಚಿಗಳು, ಸಿಗಡಿಯ ಪುಟ್ಟ ನೆಂಟರಾದ ಜಿಗಿದಾಡುವ ಕೋಪಿಪಾಡ್‌ಗಳು ಸಿಗುತ್ತವೆ. ಕಾರವಾರದ ತೀರದಲ್ಲಿ ರಾತ್ರಿ ಅಲೆ ನೀಲಿಯಾಗಿ ಹೊಳೆದದ್ದನ್ನು ಕಂಡವರಿದ್ದಾರೆ. ಅಂಥ ಹೊಳಪಿಗೆ ಕಾರಣವಾಗುವ ಜೀವಿಗಳಲ್ಲಿ ನಾಕ್ಟಿಲೂಕಾ ಒಂದು. ಸಾಬಕ್ಕಿಯ ಮರಿಯಂತೆ ದುಂಡಗೆ, ಒಂದು ಬಾಲ. ಒಂದೇ ಕೋಶದ್ದಾದರೂ 4ರ ಲೆನ್ಸಿಗೇ ಸಾಕಾಗುವಷ್ಟು ದೊಡ್ಡದು. ಸ್ಟೇಜಿನ ಮೇಲೆ ಉಪ್ಪುನೀರು ಚೆಲ್ಲಿದರೆ ಆಗಲೇ ಸಿಹಿನೀರಿನ ಒದ್ದೆಬಟ್ಟೆಯಿಂದ ಒರೆಸಿ, ಮತ್ತೆ ಒಣಬಟ್ಟೆಯಿಂದ. ಇಲ್ಲದಿದ್ದರೆ ವಾರದಲ್ಲಿ ತುಕ್ಕು.

ಘಟ್ಟದ ಮೇಲಿನವರು ಆಷಾಢದಲ್ಲಿ ಒಮ್ಮೆ ಅಡಿಕೆಯ ಕೊಳೆರೋಗವನ್ನು ನೋಡಿ. ಉದುರಿದ ಕೊಳೆ ಅಡಿಕೆಯನ್ನು ಒದ್ದೆ ಕಾಗದದ ಜತೆ ಡಬ್ಬಿಯಲ್ಲಿಟ್ಟರೆ ಒಂದೆರಡು ದಿನದಲ್ಲಿ ಬಿಳಿ ಬೂಷ್ಟು ದಟ್ಟವಾಗುತ್ತದೆ. ಸೂಜಿಯ ತುದಿಯಷ್ಟು ತೆಗೆದು ನೀರಿನಲ್ಲಿ ಬಿಡಿಸಿ, ಡಯಾಫ್ರಮ್ ಸ್ವಲ್ಪ ಮುಚ್ಚಿ 40ರಲ್ಲಿ ನೋಡಿ. ಎಳೆಗಳ ತುದಿಯಲ್ಲಿ ನಿಂಬೆಹಣ್ಣಿನ ಆಕಾರದ ಚೀಲಗಳು ಕಾಣುತ್ತವೆ. ಕೊಳೆ ತರುವ ಫೈಟಾಫ್ತೊರಾ ಎಂಬ ಜೀವಿ ಅದೇ. ಅದೃಷ್ಟವಿದ್ದರೆ, ತಣ್ಣೀರು ಹಾಕಿ ಸ್ವಲ್ಪ ಹೊತ್ತು ಕಾದರೆ, ಚೀಲ ಒಡೆದು ಬಾಲವಿರುವ ಬೀಜಾಣುಗಳು ಈಜಿಕೊಂಡು ಹೊರಬರುತ್ತವೆ. ಅದನ್ನು ಕಂಡವರಿಗೆ ಮಳೆಗೆ ಮುಂಚೆಯೇ ಮೈಲುತುತ್ತ ಸುಣ್ಣದ ದ್ರಾವಣ ಯಾಕೆ ಹೊಡೆಯಬೇಕು, ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಯಾಕೆ ಕಟ್ಟುತ್ತಿದ್ದರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಈಜುವ ಜೀವಿಗೆ ನೀರು ಸಿಗಬಾರದು, ಸಿಕ್ಕರೂ ಅದರಲ್ಲಿ ಮೈಲುತುತ್ತದ ತಾಮ್ರ ಇರಬೇಕು, ಅಷ್ಟೇ. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್‌ಮನ್ ಇದನ್ನು ಗುರುತಿಸಿ ವಿವರಿಸಿದ್ದರು. ಒಂದು ತಮಾಷೆ ಎಂದರೆ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ. ಅಣಬೆಗಿಂತ ಕಾರವಾರದ ಕಡಲಿನ ಡಯಾಟಮ್ಮಿಗೇ ಅದು ಹತ್ತಿರದ ನೆಂಟ.

ನಮ್ಮ ಮಳೆಗಾಲ ಮತ್ತು ಲೆನ್ಸು

ಒಂದು ಶಾಲೆಯಲ್ಲಿ ಎರಡು ಒಳ್ಳೆಯ ಮೈಕ್ರೋಸ್ಕೋಪು ಇದ್ದವು. ಮಕ್ಕಳು ಮುರಿದುಹಾಕುತ್ತಾರೆಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ನಾನು ಆ ಶಾಲೆಗೆ ಸೇರಿದ ವರ್ಷ ಬೀಗ ತೆಗೆಸಿ ನೋಡಿದರೆ ಲೆನ್ಸಿನ ಒಳಗೆ ಜೇಡರ ಬಲೆಯಂಥ ಬೂಷ್ಟು. ಅಷ್ಟು ವರ್ಷದ ಮಳೆಗಾಲ ಒಳಗೇ ಕೂತಿತ್ತು. ಮಕ್ಕಳ ಬೆರಳು ಒಂದೂ ತಾಗಿರಲಿಲ್ಲ. ಎರಡು ಲೆನ್ಸು ಹೋಗಿಯೇ ಹೋಗಿತ್ತು. ಈ ಬೂಷ್ಟು ಲೆನ್ಸಿನ ಲೇಪವನ್ನೂ ಗಾಜಿನ ಮೈಯನ್ನೂ ಕೊರೆಯುತ್ತದೆ. ಒರೆಸಿ ತೆಗೆದರೂ ಗುರುತು ಉಳಿಯುತ್ತದೆ.

ಹಾಗಾಗಿ ಜೂನ್ ಬರುವ ಮುಂಚೆ ಇಷ್ಟು ಮಾಡಿ. ಐಪೀಸ್, ಆಬ್ಜೆಕ್ಟಿವ್ ಬಿಚ್ಚಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳಿನ ಜತೆ ಇಡಿ. ಬಿಚ್ಚಿದ ತೂತುಗಳಿಗೆ ಮುಚ್ಚಳ ಹಾಕಿ. ಸಿಲಿಕಾ ಬಣ್ಣ ಬದಲಿಸಿದರೆ, ನೀಲಿಯದು ಗುಲಾಬಿಗೆ, ಕಿತ್ತಳೆಯದು ಹಸಿರಿಗೆ, ನೀರು ಕುಡಿದಿದೆ ಎಂದರ್ಥ. 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಗೆ ಒಡ್ಡಿದರೆ ಮತ್ತೆ ಮೊದಲಿನಂತಾಗುತ್ತದೆ. ಕೊಳ್ಳುವುದಾದರೆ ಕಿತ್ತಳೆಯದನ್ನೇ ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆ ಬಾಣಲೆಯಲ್ಲಿ ಹುರಿಯುವಂಥದ್ದಲ್ಲ. ಯಂತ್ರದ ಮೈಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ. ಒಳಗಿನ ತೇವ ಒಳಗೇ ಉಳಿಯುತ್ತದೆ. ಹತ್ತಿಬಟ್ಟೆಯ ಮುಸುಕು ಹಾಕಿ. ಸ್ಪಂಜು ತುಂಬಿದ ಪೆಟ್ಟಿಗೆಯೂ ಬೇಡ. ಹಿಂದೆಲ್ಲ ಕಪಾಟಿನ ಒಳಗೆ ಸಣ್ಣ ಬಲ್ಬು ಉರಿಸುತ್ತಿದ್ದರು, ಆ ಬೆಚ್ಚಗೆ ಸಾಕಾಗುತ್ತಿತ್ತು. ಈಗಿನ ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ, ಅದನ್ನು ನಂಬಬೇಡಿ.

ಒರೆಸುವ ಕ್ರಮ: ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ ಧೂಳು ಹಾರಿಸಿ. ಆಮೇಲೆ ಮೆತ್ತನೆಯ ಕುಂಚ. ಆಮೇಲೂ ಕಲೆ ಇದ್ದರೆ ಲೆನ್ಸ್ ಪೇಪರಿಗೆ ತುಸು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ, ನಡುವಿನಿಂದ ಹೊರಗೆ ಸುತ್ತುತ್ತ ಒರೆಸಿ. ಸೀರೆಯ ಸೆರಗು ಬೇಡ. ನಾನೂ ಮಾಡಿದ್ದೇನೆ, ಆ ಗೀರು ಇನ್ನೂ ಹಾಗೇ ಇದೆ. ಆಬ್ಜೆಕ್ಟಿವಿನ ಒಳಭಾಗ ಬಿಚ್ಚುವ ಸಾಹಸವೂ ಬೇಡ. ಮತ್ತೆ ಜೋಡಿಸಿದಾಗ ಲೆನ್ಸುಗಳು ಮೊದಲಿನ ಜಾಗಕ್ಕೆ ಬರುವುದಿಲ್ಲ.

ಬೂಷ್ಟಿಗೆ ಕತ್ತಲೆ, ತೇವ, ಅಲುಗದೆ ನಿಂತ ಗಾಳಿ ಇಷ್ಟ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಡಬ್ಬಿ ತೆಗೆದು, ಹದಿನೈದು ನಿಮಿಷ ಏನಾದರೂ ನೋಡಿ. ಮುಗಿದ ಮೇಲೆ ಸ್ಟೇಜ್ ಒರೆಸಿ, ಲೆನ್ಸು ಒಣಗಿದೆಯೇ ನೋಡಿ ಡಬ್ಬಿಗೆ ಹಾಕಿ. ಡಬ್ಬಿಯ ಮುಚ್ಚಳದ ಮೇಲೆ ಸಿಲಿಕಾ ಬಿಸಿ ಮಾಡಿದ ತಾರೀಕು ಬರೆದಿಡಿ. ಜುಲೈ ಹೊತ್ತಿಗೆ ನಿಮಗೆ ಅದು ನೆನಪಿರುವುದಿಲ್ಲ.